ಮೋಹಿತ್ ಕಳಿಸಿದ ಎರಡನೇ ಪ್ಯಾಚು

ನನ್ನನ್ನು ನೋಡಲು ವನಗೂರಿನಿಂದ ಜೀಪು ಬಂತು. ಸುಳ್ಳೇಕೆ ಹೇಳಲಿ, ಹುಡುಗ ಇಳಿದ ಕೂಡಲೇ ಹಿಡಿಸಿಬಿಟ್ಟ. ಕೇಸರಿಬಾತು ಕೊಡುವಾಗಲೂ ಕಣ್ಣು ಅವನ ಮೇಲೇ ಇದ್ದು, ಒಂದು ಗೋಡಂಬಿ ಅವನ ಅಪ್ಪನ ಪಂಚೆ ಮೇಲೆ ಬಿತ್ತು.

ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಎಂದು ಹಿರಿಯರು ನಮ್ಮನ್ನು ಕಾಫಿ ಒಣಗಿಸುವ ಕಣಕ್ಕೆ ಅಟ್ಟಿದರು. ಕೊಟ್ಟದ್ದು ಹತ್ತು ನಿಮಿಷ. ಕೆಲಸ ಏನು ಎಂದೆ. ಆರ್ಮ್ ಕಂಪ್ಯೂಟರುಗಳ ಲಿನಕ್ಸ್ ಎಂದ. ನನ್ನದೂ ಅದೇ ಕೆಲಸ. ಅವನ ಪೂರ್ತಿ ಹೆಸರು ಕೇಳಿದೆ. ಹೇಳಿದ. ನನ್ನ ನಾಚಿಕೆಯೆಲ್ಲ ಹಾರಿಹೋಯಿತು. ಮಂಗಳವಾರ ನಾನು ಮನೆಯಿಂದಲೇ ಪರಿಶೀಲಿಸಿ, ಬೈದು ತಿರಸ್ಕರಿಸಿದ್ದ ಪ್ಯಾಚು, ಅಂದರೆ ಪ್ರೋಗ್ರಾಮಿನ ತಿದ್ದುಪಡಿ, ಈ ಮೋಹಿತನದೇ.

"ಆ ಶಿವಲೀಲಾ ನೀವೇನಾ?" ಎಂದು ಅವನು ಒಂದು ಹೆಜ್ಜೆ ಹಿಂದೆ ಸರಿದ.

ಜಗಳ ಇಷ್ಟೇ. ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಅತಿಥಿಯಾಗಿ ಇಟ್ಟುಕೊಳ್ಳಬಹುದು. ಕೆಲಸ ಬಂದಿದೆ ಎಂದು ಕರೆಯುವ ಗಂಟೆ, ನಮ್ಮ ಭಾಷೆಯಲ್ಲಿ ಇಂಟರಪ್ಟ್ ಕಂಟ್ರೋಲರ್, ಆ ಅತಿಥಿಗೂ ಬೇಕು. ಅದಕ್ಕೆ ಸಾಕಾಗುವುದು ಎಂಟು ಕೆ, ಅಂದರೆ ಎಂಟು ಕಿಲೋಬೈಟ್ ಜಾಗ. ಆದರೆ ಕೆಲವು ಯಂತ್ರಗಳು ಮೆಮೊರಿಯನ್ನು ಅರವತ್ನಾಲ್ಕು ಕೆ ಪುಟಗಳಾಗಿಯೇ ಹಂಚುತ್ತವೆ, ಅದಕ್ಕಿಂತ ಚಿಕ್ಕದಾಗಿ ಕೊಡಲಾಗದು. ಇಡೀ ಪುಟ ಕೊಟ್ಟರೆ ಪಕ್ಕದಲ್ಲಿರುವ ಯಜಮಾನ ಕಂಪ್ಯೂಟರಿನ ಸಾಮಾನೂ ಅತಿಥಿಯ ಕೈಗೆ ಸಿಗುತ್ತದೆ. ಜಗುಲಿಯಲ್ಲಿ ಕೂರುತ್ತೇನೆ ಎಂದ ನೆಂಟನಿಗೆ ಬೀರುವಿನ ಬೀಗದ ಕೈಯನ್ನೂ ಕೊಟ್ಟ ಹಾಗೆ. ಅದಕ್ಕೇ ಜಾಗ ಪುಟಕ್ಕೆ ಸರಿಯಾಗಿ ಹೊಂದುತ್ತದೆಯೇ ಎಂದು ನೋಡುವ ತಪಾಸಣೆ ಇದೆ. ಈ ಮಹಾಶಯ ಆ ತಪಾಸಣೆಯನ್ನೇ ಕಿತ್ತುಹಾಕಿದ್ದ.

"ನನ್ನ ಕಂಪ್ಯೂಟರ್ ಬೋರ್ಡಲ್ಲಿ ನಡೀತೈತೆ," ಎಂದ.

"ನಿಮ್ ಬೋರ್ಡಲ್ಲಿ ಪಕ್ಕದ ಜಾಗ ಖಾಲಿ ಇರ್ಬೌದು. ಎಲ್ಲಾರ್ದೂ ಹಂಗೇ ಇರ್ತೈತಾ?"

ಒಣಗುತ್ತಿದ್ದ ಕಾಫಿಯಲ್ಲೇ ಪುಟಗಳ ಚೌಕ ಎಳೆದು ತೋರಿಸಿದೆ. ಅವನು ಬಗ್ಗಿ ಇನ್ನೆರಡು ಗೆರೆ ಎಳೆದ. ನಾನು ಅಳಿಸಿದೆ. ಮುಕ್ಕಾಲು ಗಂಟೆ ಹೋಯಿತು. ಕಿಟಕಿಯಲ್ಲಿ ಕಾವಲಿದ್ದ ಅಜ್ಜಿ ಕಲ್ಯಾಣಮ್ಮ, ಆಗಲೇ ಗಂಡ ಹೆಂಡತಿಯಂತೆ ಕಿತ್ತಾಡುತ್ತಿದ್ದಾರೆ, ಇನ್ನು ಶಾಸ್ತ್ರ ಯಾಕೆ ಎಂದು ಒಳಗೆ ವರದಿ ಕೊಟ್ಟರಂತೆ.

ಸಂಜೆಗೆ ಹೇಳುತ್ತೇನೆ ಎಂದು ಅವರನ್ನು ಕಳಿಸಿದೆ. ನಮ್ಮಪ್ಪ ಶಾಂತಮಲ್ಲಪ್ಪ ಮದುವೆಯಾಗಿ ಮೂವತ್ತು ವರ್ಷದಲ್ಲಿ ಅಮ್ಮನಿಗೆ ಒಮ್ಮೆಯೂ ತಪ್ಪಾಯಿತು ಎಂದವರಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಇನ್ನೊಬ್ಬ ನನಗೆ ಬೇಡ, ಎಷ್ಟೇ ಚೆಲುವನಾದರೂ. ಹಾಗಂದುಕೊಂಡು ಕಣದಲ್ಲಿ ಒಬ್ಬಳೇ ಕೂತು ಅತ್ತೆ.

ಜೀಪು ಸಕಲೇಶಪುರದ ಸೇತುವೆ ದಾಟಿತ್ತೋ ಇಲ್ಲವೋ, ಫೋನಿಗೆ ಹೊಸ ಪ್ಯಾಚು ಬಂತು. ತಪಾಸಣೆ ಮೊದಲಿನ ಜಾಗದಲ್ಲೇ ಇತ್ತು. ಜಾಗ ಹೊಂದದಿದ್ದರೆ ಕಾರಣವನ್ನು ಸ್ಪಷ್ಟವಾಗಿ ಹೇಳಿ, ನಾಲ್ಕು ಕೆ ಪುಟ ಬಳಸಿ ಎನ್ನುವ ಸಾಲೂ ಸೇರಿತ್ತು. ಅದರ ಜೊತೆಗೆ, ಇಡೀ ಪ್ರಪಂಚದ ಎಂಜಿನಿಯರುಗಳು ಓದುವ ಇಮೇಲ್ ಪಟ್ಟಿಯಲ್ಲಿ ಬರೆದಿದ್ದ: ನನ್ನ ಬೋರ್ಡಿನಲ್ಲಿ ನಡೆದದ್ದು ಅದೃಷ್ಟ. ತಪ್ಪು ನನ್ನದು. ಶಿವಲೀಲಾ ಹೇಳಿದ್ದೇ ಸರಿ.

ಖುಷಿಗೆ ಕುಣಿಯುವಂತಾಯಿತು. ಆದರೂ ಪ್ರೀತಿ ಬೇರೆ, ಪರಿಶೀಲನೆ ಬೇರೆ. ಎರಡು ಸಲ ಸಾಲು ಸಾಲಾಗಿ ಓದಿಯೇ ಒಪ್ಪಿಗೆ ಕಳಿಸಿ, ಒಳಗೆ ಓಡಿದೆ.

"ಅಪ್ಪಾ, ಹುಡ್ಗ ಒಪ್ಗೆ."

ಅಂಥದ್ದೇನು ಕಂಡೆ ಅವನಲ್ಲಿ ಎಂದು ಅಪ್ಪ ಕೇಳಿದರು.

"ತಪ್ಪಾಯ್ತು ಅಂತ ಒಪ್ಕಂಡ."

ಅಪ್ಪ ಪೇಪರು ಬಿಡಿಸಿಕೊಂಡರು. ಅಮ್ಮ ಅಡುಗೆಮನೆಯಿಂದ ಬಂದು ನನ್ನ ಬಾಯಿಗೆ ಒಂದು ಹಿಡಿ ಸಕ್ಕರೆ ಹಾಕಿದಳು.