ಒಂದೇ ಬೊಂಡದ ನೀರು

ಬೈಂದೂರಿನ ಮೀನು ಮಾರುಕಟ್ಟೆಯಲ್ಲಿ ವನಜಳೂ ಜಲಜಳೂ ಹತ್ತೊಂಬತ್ತು ವರ್ಷದಿಂದ ಅಕ್ಕಪಕ್ಕ ಕೂರುತ್ತಾರೆ. ಮಾತಿಲ್ಲ. ಮಾತು ಹಾಳಾಗಲಿ, ಒಬ್ಬರ ಮನೆಯ ನೀರು ಇನ್ನೊಬ್ಬರಿಗಿಲ್ಲ. ವನಜಳ ಗಂಡ ಶೀನನನ್ನು ಕಡಿದು ಕೊಂದವನು ಜಲಜಳ ಅಪ್ಪ ಕೊರಗ. ಬೆಳಿಗ್ಗೆ ಬಲೆ ಬಿಡುವ ಜಾಗಕ್ಕೆ ಜಗಳ, ಸಂಜೆ ದಾರಿ ಕಾದು ಕತ್ತಿ. ಕೋರ್ಟು ಜೀವಾವಧಿ ಕೊಟ್ಟಿತು. ಆದರೆ ವನಜ ಕೋರ್ಟನ್ನು ನಂಬಿ ಸುಮ್ಮನೆ ಕೂರುವ ಹೆಂಗಸೇ? ಗಂಡನ ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನವೇ ಊರ ದೈವದ ಮನೆಯೆದುರು ನಿಂತು, ಕೊರಗನ ಮನೆಗೂ ತನ್ನ ಮನೆಗೂ ಮಾತಿಲ್ಲ, ನೀರಿಲ್ಲ ಎಂದು ಆಣೆ ಹಾಕಿಬಿಟ್ಟಳು.

ಒಂದು ಬೇಸಿಗೆಯಲ್ಲಿ ಐಸಿನ ಗಾಡಿ ಬರಲಿಲ್ಲ. ಜಲಜಳ ಪೆಟ್ಟಿಗೆಯಲ್ಲಿ ಐಸು ಬೇಕಾದಷ್ಟಿತ್ತು. ವನಜಳ ಎರಡು ಬುಟ್ಟಿ ಬೈಗೆ ಮೀನು ಕಣ್ಣೆದುರೇ ನಾರತೊಡಗಿತು.

“ಐಸ್ ಅಂದ್ರ್ ನೀರಾ ಹೆಣ್ಣೆ? ಕಲ್ಲಿನಂಗಿತ್ತಲೆ, ತಕೋ!” ಎಂದರು ಉಳಿದ ಹೆಂಗಸರು.

“ಕರ್ಗಿದ್ರೆ ಎಂತ ಆತ್ತ್?” ಎಂದು ವನಜ ಕೇಳಿದಳು. ಎರಡು ಬುಟ್ಟಿ ಮೀನು ತೆಂಗಿನ ಬುಡಕ್ಕೆ ಗೊಬ್ಬರವಾಯಿತು.

ಅಂಥವಳ ಮುಂದೆ ಈಗ ಪೊಲೀಸ್ ಸುಜನ್ ಒಂದು ಕಾಗದ ಹಿಡಿದು ನಿಂತಿದ್ದ. ಕೊರಗನಿಗೆ ಎಪ್ಪತ್ತೇಳು ವರ್ಷ, ಒಂದು ಕಣ್ಣು ಕಾಣುವುದಿಲ್ಲ, ಜೈಲಿನಲ್ಲಿ ನಡತೆ ಒಳ್ಳೆಯದು. ಬಿಡುಗಡೆ ಮಾಡಬಹುದೋ ಎಂದು ಸರಕಾರ ಯೋಚಿಸುತ್ತಿದೆ. ಸತ್ತವನ ಮನೆಯವರದ್ದು ಏನಾದರೂ ಆಕ್ಷೇಪಣೆ ಇದೆಯೇ?

“ಅವ್ನಿಗ್ ವಯಸ್ಸಾಯ್ತಂಬ್ರಾ?” ವನಜ ಕತ್ತಿಯಲ್ಲಿ ಮೀನಿನ ಹೊಟ್ಟೆ ಸೀಳುತ್ತಲೇ ಹೇಳಿದಳು. “ನನ್ ಗಂಡಂಗ್ ವಯಸ್ಸ್ ಆಯ್ಲೇ ಇಲ್ಲೆ ಕಾಣಿ. ಐವತ್ತೊಂದಕ್ಕೇ ನಿಂತಿತ್. ಆಕ್ಷೇಪಣೆ ಇತ್ತ್, ಬರ್ಕಣಿ.”

ನಾಳೆ ಸ್ಟೇಷನ್ನಿಗೆ ಬಂದು ಹೆಬ್ಬೆಟ್ಟು ಒತ್ತಿ ಹೋಗಿ ಎಂದು ಸುಜನ್ ಹೊರಟ. ವನಜಳಿಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಬೇಕು. ಸರಕಾರವೇ ಬಂದು ತನ್ನ ಮಾತಿಗೆ ಕಾದಿದೆಯಲ್ಲ!

ಸುಜನ್ ಮರೆಯಾಗುತ್ತಲೇ ಜಲಜ ಮಾತಾಡತೊಡಗಿದಳು. ವನಜಳೊಡನೆ ಅಲ್ಲ, ಆಣೆ ಇದೆಯಲ್ಲ. ಮೀನಿನ ತಲೆಗೆ ಕಾದು ಕೂತ ಬೆಕ್ಕಿನೊಡನೆ.

“ಕೇಣ್ತಾ ಬೆಕ್ಕೇ? ನಂಗೂ ಅಪ್ಪಯ್ಯ ಬಪ್ಪುದ್ ಬೇಡ. ಯಾವ ಮುಖ ಇಟ್ಕಂಡ್ ಒಳ್ಗ್ ಕರ್ಕಂಬುದ್? ಆರೆ ಮೊನ್ನೆ ಬ್ರಹ್ಮಾವರದ ಬಸ್ಸಲ್ ಒಂದ್ ಹೆಣ್ಣ್ ತಲಿ ತಿರ್ಗಿ ಬಿತ್ತ್. ನವ್ಯಶ್ರೀ ಅಂದೇಳಿ ಹೆಸ್ರ್. ಪಕ್ಕದಗೇ ನಮ್ ಮಗ್ಳ್ ದೀಕ್ಷಾ, ಕೈಯಗ್ ನೀರಿನ ಬಾಟ್ಲಿ. ಕೊಡುಕೆ ಧೈರ್ಯ ಬರ್ಲಿಲ್ಲ ಅಂಬ್ರ್. ಕಂಡಕ್ಟರ್ ಬಪ್ಪತನ್ಕ ಹಿಡ್ಕಂಡ್ ನಿಂತಿತ್ತಂಬ್ರ್. ಮನಿಗ್ ಬಂದ್ ಕಣ್ಣೀರ್ ಹಾಕಿ ಮರ್ಕಿತ್.”

ವನಜಳ ಕೈ ನಿಂತಿತು. ನವ್ಯಶ್ರೀ ಅವಳ ಮೊಮ್ಮಗಳು. ತಲೆ ತಿರುಗಿದ ಸುದ್ದಿಯನ್ನು ಹುಡುಗಿ ಮನೆಯಲ್ಲಿ ಹೇಳಿರಲಿಲ್ಲ.

ಆಣೆ ಹಾಕುವುದು ಸುಲಭ, ಬಿಡಿಸುವುದಕ್ಕೆ ಕ್ರಮವಿದೆ. ಹಾಕಿದವಳೂ, ಯಾರ ಮೇಲೆ ಹಾಕಿದಳೋ ಅವನೂ ಅದೇ ದೈವದೆದುರು ನಿಂತು ಒಂದೇ ಎಳನೀರು ಬೊಂಡದ ನೀರು ಕುಡಿಯಬೇಕು. ಇಬ್ಬರಲ್ಲಿ ಒಬ್ಬರು ಸತ್ತರೆ ಮುಗಿಯಿತು, ಆಣೆ ಮಕ್ಕಳು ಮರಿಗಳ ತಲೆಗೆ. ಸಿಟ್ಟಿನಲ್ಲಿದ್ದ ವನಜ ಅಂದು ಇದನ್ನು ಯೋಚಿಸಿರಲಿಲ್ಲ. ಕೊರಗ ಜೈಲಿನಲ್ಲೇ ಸಾಯಲಿ ಎಂದು ಹತ್ತೊಂಬತ್ತು ವರ್ಷ ಬೇಡಿಕೊಂಡದ್ದು ಮೊಮ್ಮಗಳ ಕುತ್ತಿಗೆಗೇ ಹಗ್ಗ ಹೊಸೆದ ಹಾಗಾಯಿತಲ್ಲ. ಅವಳಿಗೆ ತನ್ನ ಮೇಲೆಯೇ ಸಿಟ್ಟು ಉಕ್ಕಿತು.

ಮರುದಿನ ಸ್ಟೇಷನ್ನಿನಲ್ಲಿ ಸುಜನನಿಗೆ ಹೇಳಿದಳು: “ಬರಿನಿ ಮಾರಾಯ್ರೆ. ನಾನ್ ಕ್ಷಮಿಸ್ಲಿಲ್ಲ. ಕ್ಷಮಿಸುದೂ ಇಲ್ಲೆ. ಆರೆ ಅವ್ನನ್ ಬಿಡ್ಲಿ.”

“ಹಾಂಗೆಲ್ಲ ಬರೂಕೆ ಜಾಗ ಇಲ್ಲೆ ವನಜಕ್ಕ. ಆಕ್ಷೇಪಣೆ ಇತ್ತ್, ಇಲ್ಲ ಅಂದ್ರೆ ಇಲ್ಲೆ. ಎರಡೇ.”

“ಇಷ್ಟ್ ದೊಡ್ಡ ಕಾಗ್ದದಗೆ ಅಷ್ಟ್ ಜಾಗ ಇಲ್ಯಾ?” ಎನ್ನುತ್ತಾ ‘ಇಲ್ಲ’ದ ಕೆಳಗೆ ಹೆಬ್ಬೆಟ್ಟು ಒತ್ತಿದಳು.

ಕಾಗದ ಮೇಜಿಂದ ಮೇಜಿಗೆ ಹೋಗಿ ಬರುವಷ್ಟರಲ್ಲಿ ಏಳು ತಿಂಗಳು. ಅಷ್ಟು ದಿನವೂ ವನಜ, ಕೊರಗ ಬದುಕಿರಲಿ ಎಂದು ದೈವಕ್ಕೆ ದೀಪ ಇಟ್ಟಳು. ಇಡುವಾಗೆಲ್ಲ ಅವಳಿಗೆ ನಾಚಿಕೆಯಾಗುತ್ತಿತ್ತು.

ಕೊರಗ ಬಂದ. ದೈವದ ಮನೆಯೆದುರು, ದೈವ ಮೈಮೇಲೆ ಬರುವ ಪಾತ್ರಿ ಬೊಂಡ ಕೆತ್ತಿ ವನಜಳ ಕೈಗೆ ಕೊಟ್ಟರು. ಎದುರಿಗಿದ್ದದ್ದು ಬಾಗಿದ ಬೆನ್ನಿನ, ನಡುಗುವ ಕೈಯ ಮುದುಕ. ಅವಳು ಶಾಪ ಹಾಕುತ್ತ ಬಂದದ್ದು ಐವತ್ತೆಂಟರ ಗಟ್ಟಿ ಆಳಿಗೆ. ಆ ಆಳು ಎಲ್ಲಿ? ಇಷ್ಟು ವರ್ಷ ಕೂಡಿಟ್ಟ ಬೈಗುಳದಲ್ಲಿ ಒಂದೂ ಬಾಯಿಗೆ ಬರಲಿಲ್ಲ, ಮೋಸವಾದ ಹಾಗಾಯಿತು.

ಒಂದು ಗುಟುಕು ಕುಡಿದು ದಾಟಿಸಿದಳು. ಕೊರಗನ ಕೈಯಲ್ಲಿ ಬೊಂಡ ನಿಲ್ಲಲಿಲ್ಲ, ನೀರು ಗದ್ದದ ಮೇಲೆ ಹರಿಯಿತು. ವನಜಳ ಕೈ ತಾನಾಗಿ ಹೋಗಿ ಬೊಂಡದ ಬುಡ ಹಿಡಿಯಿತು. ಅವನು ಕುಡಿದ.

“ನಾನ್ ಕ್ಷಮಿಸ್ಲಿಲ್ಲ,” ಎಂದಳು.

“ಗೊತ್ತಿತ್,” ಎಂದ ಕೊರಗ.

ಎರಡು ವಾರದ ಮೇಲೆ ಸುಜನ್ ಮತ್ತೆ ಮಾರುಕಟ್ಟೆಗೆ ಬಂದ. ಬಿಡುಗಡೆಯಾದವನ ಬಗ್ಗೆ ವಿಚಾರಿಸಿ ಬರೆಯಬೇಕಂತೆ.

“ಅವ್ನಿಂದ ಎಂತಾರೂ ತೊಂದ್ರಿ ಇತ್ತಾ ವನಜಕ್ಕ?”

“ಇತ್ತ್. ಅವ ದಿನಾ ಬೆಳಿಗ್ಗೆ ಕಡಲ್ ಬದಿಗ್ ಹೋತ, ಕೂಕಂತ, ಮನಿಗ್ ಬತ್ತ. ನನ್ ಗಂಡ ಬತ್ತಿಲ್ಲೆ. ಅದನ್ನ್ ಬರೂಕೆ ಜಾಗ ಇತ್ತಾ ಕಾಣಿ.”

ಸುಜನ್ ಕಾಗದ ನೋಡಿದ, ಪೆನ್ನು ಮುಚ್ಚಿದ. ಜಲಜ ಪೆಟ್ಟಿಗೆಯಿಂದ ಬೊಗಸೆ ತುಂಬ ಐಸು ತೆಗೆದು ವನಜಳ ಬುಟ್ಟಿಗೆ ಸುರಿದಳು. ವನಜ ಅದನ್ನು ಮೀನಿನ ಮೇಲೆಲ್ಲ ಹರಡಿಕೊಂಡಳು.