ಕಚ್ಚಿ ಕುಡಿದ ನೀರು

ರಾಫೆಲನ ಚೀಲಕ್ಕೆ ಸಿಕ್ಕಿಸಿದ ಸ್ಟೀಲ್ ಬಾಟಲಿ ವ್ಯಾನು ಕುಲುಕಿದಾಗಲೆಲ್ಲ ಮುಂದಿನ ಸೀಟಿನ ಕಂಬಿಗೆ ತಾಗಿ ಟಣ್ ಎನ್ನುತ್ತದೆ, ಮತ್ತೆ ಟಣ್, ಯಾರಿಗೂ ಎಚ್ಚರವಿಲ್ಲ, ರಾತ್ರಿಯಿಡೀ ಘಟ್ಟದ ಮೇಲೆ ಸೋರುವ ಟೆಂಟುಗಳಲ್ಲಿ ಮುದುಡಿದ್ದ ಟೀಚರುಗಳೆಲ್ಲ ಮಂಗಳೂರು ಹತ್ತಿರವಾಗುವಾಗ ಬಾಯಿ ತೆರೆದು ಮಲಗಿದ್ದಾರೆ, ಶ್ರೀನಂದನನಿಗೊಬ್ಬನಿಗೆ ನಿದ್ದೆಯಿಲ್ಲ, ಅವನು ಆ ಬಾಟಲಿಯ ಬಾಯನ್ನೇ ನೋಡುತ್ತಿದ್ದಾನೆ — ಅಲ್ಲೇ, ಆ ಅಂಚಿಗೇ ಸಮೀಕ್ಷಾ ತುಟಿಯಿಟ್ಟದ್ದು. ಸಮೀಕ್ಷಾ, ಶ್ರೀನಂದನನ ಹೆಂಡತಿ, ಈಗ ಅವನದೇ ಹೆಗಲಿಗೆ ತಲೆಯಿಟ್ಟು ಮಲಗಿದ್ದಾಳೆ, ಕೂದಲಲ್ಲಿ ಸೌದೆಹೊಗೆಯ ವಾಸನೆ, ಕಾಲಿನಲ್ಲಿ ಇಂಬಳ ಕಚ್ಚಿದ ಗುರುತು, ಏನೂ ಆಗದವಳ ಹಾಗೆ. ಆಗಿದ್ದಾದರೂ ಏನು, ನೀರು ಕುಡಿದಳು, ಅಷ್ಟೆ, ಬ್ಯಾಂಕಿನ ಮ್ಯಾನೇಜರು ಶ್ರೀನಂದನ ಸಾಹೇಬರಿಗೆ ಹೊಟ್ಟೆಕಿಚ್ಚು, ಅದೂ ಒಂದು ಬಾಟಲಿಯ ಮೇಲೆ! ಆದರೂ ಉರಿಯುತ್ತದೆ, ಹೊಟ್ಟೆಯಿಂದ ಗಂಟಲಿನವರೆಗೆ ಉರಿಯುತ್ತದೆ. ಊಟಕ್ಕೆ ಕುಳಿತರೆ ರಾಫೆಲ್ ಸರ್ ಹೀಗೆ ಹೇಳಿದರು, ರಾಫೆಲ್ ಸರ್ ಮಕ್ಕಳಿಗೆ ಫಿಸಿಕ್ಸ್ ಹಾಗೆ ಕಲಿಸಿದರು, ಸಾರಿನ ಜೊತೆ ದಿನಾ ಅದನ್ನೂ ಬಡಿಸುತ್ತಾಳೆ, ಮಂಡಿನೋವಿದ್ದರೂ ಅವನು ಇವಳ ಶಾಲೆಯವರ ಟ್ರೆಕ್ಕಿಗೆ ಹೊರಟದ್ದೇ ಆ ಮನುಷ್ಯ ಬರುತ್ತಾನೆಂದು. ಬೋಳು ಗುಡ್ಡ, ಅಡ್ಡಡ್ಡ ಹೊಡೆಯುವ ಮಳೆ, ಬೆನ್ನ ಮೇಲೆ ನೆನೆದು ಕಲ್ಲಾದ ಚೀಲ, ಅವಳು ನಿಂತು ಕೇಳಿದ್ದು ಮೊದಲು ಅವನನ್ನೇ, ನೀರು ಉಂಟಾ ನಿಮ್ಮತ್ರ, ಅವನು ತೆಗೆದುಕೊಟ್ಟ, ಕೊಡುವಾಗ ಬಾಯಿಗೆ ಬಂದದ್ದು ಮನೆಯ ಅದೇ ಹಳೆಯ ಮಾತು, ಎತ್ತಿ ಕುಡಿ, ಗಾಳಿಗೆ ನೀರೆಲ್ಲ ಮೂಗಿಗೆ ಹೋಗಿ ಅವಳು ಕೆಮ್ಮಿ ಕೆಮ್ಮಿ ಕಣ್ಣೀರಾದಳು, ಹಿಂದಿನಿಂದ ರಾಫೆಲ್ ನಗುತ್ತಾ, ಕಚ್ಚಿ ಕುಡಿಯಿರಿ ಟೀಚರೇ, ಈ ಗಾಳಿಯಲ್ಲಿ ಎಂತದು ಮಡಿ, ತಕೊಳ್ಳಿ, ಟಾನ್ಯಾ ಹಾಕಿಕೊಟ್ಟ ಜೀರಿಗೆ ನೀರು — ತನ್ನ ಹೆಂಡತಿಯ ಹೆಸರನ್ನು ಎಷ್ಟು ಸಲೀಸಾಗಿ ಹೇಳುತ್ತಾನೆ — ಸಮೀಕ್ಷಾ ಯಾರ ಮುಖವನ್ನೂ ನೋಡಲಿಲ್ಲ, ಕಣ್ಣು ಮುಚ್ಚಿ ಬಾಟಲಿ ಕಚ್ಚಿ ಕುಡಿದಳು, ಗಂಟಲು ಏರಿತು, ಇಳಿಯಿತು, ಏರಿತು, ಆಮೇಲೆ ಸಣ್ಣದೊಂದು ಹಾ ಎಂದಳು. ಆ ಹಾ ಅವನಿಗೆ ಕೇಳಿಸಬಾರದಿತ್ತು.

ಅವಳು ಹಾಗೆ ಕುಡಿದದ್ದನ್ನು ಅವನು ಹಿಂದೆ ಒಮ್ಮೆ ಮಾತ್ರ ನೋಡಿದ್ದ, ಮದುವೆಯ ಹೊಸತು, ಕಾವೂರಿನ ಮನೆಯ ಅಡುಗೆಕೋಣೆ, ಅವನು ಕುಡಿದಿಟ್ಟ ಲೋಟವನ್ನು ತುಂಟಿಯ ಹಾಗೆ ತುಟಿಗಿಟ್ಟು ಅವನ ಕಡೆ ಓರೆನೋಟ, ಅವನೋ ಹೆದರಿ ಬಾಗಿಲ ಕಡೆ ನೋಡಿದ, ಎಂಜಲು ಮಾಡಬೇಡ, ಅಮ್ಮ ನೋಡಿದರೆ ಎಂತ ಹೇಳ್ತಾರೆ, ದೇವಸ್ಥಾನದಲ್ಲಿ ಪೂಜೆ ಮಾಡುವವರ ಮನೆ ಇದು. ಅವಳು ಲೋಟ ತೊಳೆದು ಕವುಚಿಟ್ಟಳು, ಮತ್ತೆಂದೂ ಹಾಗೆ ಮಾಡಲಿಲ್ಲ. ಅಂದು ಅವನಿಗೆಂದು ತಂದ ಸಲಿಗೆಯನ್ನು ಇನ್ನೊಬ್ಬನ ಬಾಟಲಿಗೆ ಕೊಟ್ಟುಬಿಟ್ಟಳೇ, ಛೆ, ಎಂತಹ ಯೋಚನೆ ಇದು, ಬಾಯಾರಿಕೆಗೆ ಗಂಡ ಯಾರು, ಮಾಸ್ತರು ಯಾರು. ಪಡೀಲಿನಲ್ಲಿ ರಸ್ತೆ ತುಂಬ ನೀರು, ಲಾರಿಗಳ ಸಾಲು, ವ್ಯಾನು ನಿಂತಿತು, ಉಳ್ಳಾಲಕ್ಕೆ ಹೋಗಬೇಕಾದ ರಾಫೆಲ್ ಇಲ್ಲೇ ಇಳಿಯುತ್ತಾನೆ, ಸಾರ್, ಮಂಡಿಗೆ ಸ್ವಲ್ಪ ಬಿಸಿನೀರು ಹಾಕಿ ಆಯ್ತಾ, ಒಳ್ಳೆಯ ಮನುಷ್ಯ, ಒಳ್ಳೆಯವನಾಗಿರುವುದೇ ದೊಡ್ಡ ಉಪದ್ರ, ಬಾಟಲಿಯೂ ಅವನ ಜೊತೆ ಮಳೆಯಲ್ಲಿ ಹೋಯಿತು, ಹೋದರೂ ಉರಿ ಇಳಿಯಲಿಲ್ಲ.

ಪಡೀಲಾ, ಎಂದು ಸಮೀಕ್ಷಾ ಎದ್ದಳು, ಅವನ ಚೀಲದಿಂದ ಅವರದೇ ಬಾಟಲಿ ತೆಗೆದಳು, ಗುಡ್ಡದಲ್ಲಿ ಒಮ್ಮೆ ಕಲಿತದ್ದನ್ನು ತುಟಿ ಮರೆತಿಲ್ಲ, ಕಚ್ಚಿಯೇ ಕುಡಿದಳು, ಆಮೇಲೆ ಒರೆಸದೆ ಹಾಗೆಯೇ ಅವನ ಮುಂದೆ ಹಿಡಿದಳು, ಬೇಕಾ ನಿಮಗೆ. ಅವನ ಮುಖವನ್ನೇ ನೋಡುತ್ತಿದ್ದಾಳೆ, ಎಷ್ಟೋ ವರ್ಷಗಳ ಹಿಂದಿನ ಅದೇ ಓರೆನೋಟ, ಅಂಚಿನ ಮೇಲೆ ಅವಳ ತುಟಿಯ ತೇವ, ಬೇಕು, ಅದೇ ಬೇಕು, ನಿನ್ನೆಯಿಂದ ಸುಟ್ಟದ್ದು ಅದಕ್ಕೇ, ಕಚ್ಚು ಮಾರಾಯ, ಅಪ್ಪ ಅಮ್ಮ ಯಾರೂ ಇಲ್ಲ ಇಲ್ಲಿ, ಅವನು ಬಾಯಿ ತೆರೆದ, ಆದರೆ ತಲೆ ತನ್ನಷ್ಟಕ್ಕೆ ಹಿಂದೆ ಬಾಗುತ್ತದೆ, ಕೈ ತನ್ನಷ್ಟಕ್ಕೆ ಮೇಲೇಳುತ್ತದೆ, ನೀರು ಬೀಳುತ್ತದೆ, ಸಮೀಕ್ಷಾ ಮೆಲ್ಲಗೆ ಕಿಟಕಿಯ ಕಡೆ ತಿರುಗುತ್ತಾಳೆ, ನೀರು ಬೀಳುತ್ತಲೇ ಇದೆ, ಬಾಟಲಿಗೂ ತುಟಿಗೂ ನಡುವೆ ಒಂದು ಗೇಣು, ಒಂದೇ ಗೇಣು