ಇನ್ನೂರ ನಲವತ್ತೆಂಟು ಮಿಲಿಮೀಟರ್

ಗುಂಡಿ ತೆಗೆಯುವ ಪರಶುರಾಮ ತನ್ನ ಐದಡಿಯ ಕೋಲನ್ನು ನೆಲಕ್ಕೆ ಅಡ್ಡ ಇಟ್ಟ. ಒಂದು ತುದಿ ರುದ್ರಭೂಮಿಯ ಗೋಡೆಗೆ ತಾಗಿತು. ಇನ್ನೊಂದು ತುದಿ ದಾಕ್ಷಾಯಣಮ್ಮನ ಸಮಾಧಿಯ ಕಟ್ಟೆಯ ಮೇಲೆ ನಾಲ್ಕು ಬೆರಳು ಏರಿ ಕೂತಿತು.

“ಜಾಗ ಸಾಲಲ್ಲ ಅಕ್ಕ. ಮೂವತ್ತು ವರ್ಷದಿಂದ ಎಲ್ರಿಗೂ ಇದೇ ಕೋಲು. ಆ ಮೂಲೇಲಿ ತೆಗೀತೀನಿ.”

ವೀಣಾ ಅಮ್ಮನ ಕಟ್ಟೆಯೇರಿದ್ದ ಕೋಲಿನ ತುದಿಯನ್ನು ನೋಡಿದಳು. ಅವಳ ಅಪ್ಪ ಷಣ್ಮುಖಪ್ಪನವರ ದೇಹ ಶಿವಮೊಗ್ಗದ ವಿದ್ಯಾನಗರದ ಮನೆಯಲ್ಲಿ ವಿಭೂತಿ ಹಚ್ಚಿಸಿಕೊಂಡು ಕೂತಿತ್ತು. ಹನ್ನೆರಡಕ್ಕೆ ವ್ಯಾನು ಇಲ್ಲಿಗೆ, ಭದ್ರಾವತಿಗೆ ಹೊರಡುತ್ತದೆ. ಅಪ್ಪ ಬಾಯಿಬಿಟ್ಟು ಕೇಳಿದ್ದು ಒಂದೇ, ಅದೂ ಹೋದ ವಾರ: “ನಿಮ್ಮಮ್ಮನ ಪಕ್ಕಕ್ಕೆ ಇಡಿಸು.”

“ಹತ್ತು ಮಾರು ದೂರ ಆದ್ರೆ ಏನಾಯ್ತು ಬಿಡು ಮಾರಾಯ್ತಿ,” ಎಂದರು ಸೋದರಮಾವ ಬಂಗಾರಪ್ಪ. “ವ್ಯಾನು ಬರೋಷ್ಟರಲ್ಲಿ ಗುಂಡಿ ಆಗ್ಬೇಕು.”

ರುದ್ರಭೂಮಿ ಸಮಿತಿಯ ಅನುಮತಿ ಚೀಟಿ ಅದರಲ್ಲಿದೆಯೆಂದು ವೀಣಾ ಅಪ್ಪನ ಪಾಕೆಟ್ ಡೈರಿ ತಂದಿದ್ದಳು. ಚೀಟಿ ಅಂಟಿಸಿದ್ದ ಪುಟದಲ್ಲೇ ಎರಡು ಸಾಲು: ‘ಗೋಡೆಯಿಂದ ದಾಕ್ಷಾಯಣಿ 1440. ನನ್ನ ಪಾದ 248 × 5.’

“ಏನಿದು, ಲಾರಿ ನಂಬರಾ?” ಎಂದರು ಬಂಗಾರಪ್ಪ.

* * *

ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಟರ್ನರ್ ಆಗಿದ್ದ ಷಣ್ಮುಖಪ್ಪನವರಿಗೆ ಜಗತ್ತೆಲ್ಲ ಮಿಲಿಮೀಟರು. ಬಾಗಿಲಿಗೆ ಗೀಟು ಹಾಕಿ ಮಗಳ ಎತ್ತರ “ಸಾವಿರದ ಇನ್ನೂರು” ಎನ್ನುತ್ತಿದ್ದರು.

“ಹಂಗಾದ್ರೆ ಸೂರು ತೆಗೆಸ್ಬೇಕು,” ಎಂದು ದಾಕ್ಷಾಯಣಮ್ಮ ನಗುತ್ತಿದ್ದರು. ಗಂಡನ ಪುಟ್ಟ ಪಾದಗಳನ್ನೂ ಅವರು ಆಡಿಕೊಳ್ಳದೆ ಬಿಡುತ್ತಿರಲಿಲ್ಲ. “ಸುಮ್ನೆ ನನ್ ಚಪ್ಲಿನೇ ಹಾಕ್ಕೊಳ್ರಿ.”

ಹನ್ನೆರಡು ವರ್ಷದ ಹಿಂದೆ ಅವರನ್ನು ಮಣ್ಣು ಮಾಡಿದ ದಿನ, ಜನ ಇನ್ನೂ ಕೈ ತೊಳೆದಿರಲಿಲ್ಲ, ಷಣ್ಮುಖಪ್ಪ ಜೇಬಿನಿಂದ ಟೇಪು ತೆಗೆದು ಗೋಡೆಯಿಂದ ಅಳೆಯತೊಡಗಿದರು. ನೆಂಟರು ಮುಖ ಮುಖ ನೋಡಿಕೊಂಡರು. ವೀಣಾಗೆ ಮೈ ಉರಿದುಹೋಯಿತು. ಅಮ್ಮನಿಗಾಗಿ ಒಂದು ಹನಿ ಕಣ್ಣೀರಿಲ್ಲ, ಅಳತೆ ಬೇಕಂತೆ. ಆ ಸಿಟ್ಟು ಅವಳಲ್ಲಿ ಇಷ್ಟು ವರ್ಷವೂ ಉಳಿದಿತ್ತು. ಅಪ್ಪನಿಗೆ ಅನ್ನ ಬಡಿಸುವಾಗಲೂ ಇರುತ್ತಿತ್ತು.

* * *

“ಪರಶುರಾಮಣ್ಣ, ಗುಂಡಿಗೂ ಪಾದಕ್ಕೂ ಏನು ಲೆಕ್ಕ?” ಎಂದು ಕೇಳಿದಳು ವೀಣಾ, ಡೈರಿಯ ಸಾಲು ತೋರಿಸುತ್ತ.

“ತೀರ್ಕೊಂಡೋರ ಪಾದದಲ್ಲಿ ಐದು, ಅದೇ ಅಗಲ. ಹಿಂದೆ ನಮ್ಮಪ್ಪ ಮನೆಗೇ ಹೋಗಿ ದಾರದಲ್ಲಿ ಪಾದದ ಅಳತೆ ತಗೊಂಡು ಬರ್ತಿದ್ದ. ಈಗ ಯಾರು ಹೋಗ್ತಾರೆ? ಅದ್ಕೇ ಪಾದಕ್ಕೊಂದು ಅಡಿ ಅಂತ ಈ ಕೋಲು.”

ವೀಣಾ ಡೈರಿಯಲ್ಲೇ ಗುಣಿಸಿದಳು. ಸಾವಿರದ ಇನ್ನೂರ ನಲವತ್ತು. ಅಪ್ಪ ಹೇಳಿಕೊಟ್ಟಂತೆ ಹತ್ತರಿಂದ ಭಾಗಿಸಿದಳು: ನೂರ ಇಪ್ಪತ್ತನಾಲ್ಕು ಸೆಂಟಿಮೀಟರು. ಇದ್ದ ಜಾಗ ನೂರ ನಲವತ್ತನಾಲ್ಕು. ಎಲ್ಲಾದರೂ ತಪ್ಪಿತೇನೋ ಎಂದು ಇನ್ನೊಮ್ಮೆ ಮಾಡಿದಳು.

“ಹಿಡಿಸುತ್ತೆ ಮಾವ.” ಅವಳು ಡೈರಿಯನ್ನು ಅವರ ಮುಂದೆ ಹಿಡಿದಳು. “ಅವತ್ತು ಅಪ್ಪ ತಮ್ಮ ಜಾಗ ಅಳೀತಿದ್ರು.”

ಬಂಗಾರಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡರು. “ಭಾವಂಗೆ ತಲೆ ಕೆಟ್ಟಿದೆ ಅಂತ ನಾನು ಊರೆಲ್ಲ ಹೇಳ್ಕೊಂಡು ಬಂದೆ.”

ಪರಶುರಾಮ ಕೋಲನ್ನು ಪಕ್ಕಕ್ಕಿಟ್ಟು ಟೇಪು ಹಿಡಿದ. ಗೋಡೆಗೆ ಒತ್ತಿ ಗೀಟು ಹಾಕಿ ಅಗೆಯತೊಡಗಿದ.

ವ್ಯಾನು ಗೇಟಿನ ಬಳಿ ನಿಂತಾಗ ಗುಂಡಿ ಮುಗಿದಿತ್ತು. ನಡುವೆ ಒಂದು ಗೇಣು ಕೆಮ್ಮಣ್ಣು ಉಳಿದಿತ್ತು. ವೀಣಾ ಕುಕ್ಕರಗಾಲಲ್ಲಿ ಕೂತು ಅದರ ಮೇಲೆ ಅಂಗೈ ಅಗಲಿಸಿ ಇಟ್ಟಳು. ಹೆಬ್ಬೆರಳು ಅಮ್ಮನ ಕಟ್ಟೆಗೆ ತಾಗಿತು, ಕಿರುಬೆರಳು ಅಪ್ಪನ ಗುಂಡಿಯ ಅಂಚಿಗೆ.